ಅತಿಥಿಯ ಸೇವೆ, ಆತಿಥೇಯನ ಹಕ್ಕು

ಪರದೇಶದಿಂದ ಬಂದ ಕ್ರೈಸ್ತ ಸ್ವಯಂಸೇವಕರು ಬಡ ಹಳ್ಳಿಯೊಂದರಲ್ಲಿ ನಡೆಸುವ ಸೇವೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಸೇವೆ ಮಾಡುವವರ ಉದ್ದೇಶದ ಸುತ್ತಲೇ ತಿರುಗುತ್ತದೆ. ಅದು ನಿಷ್ಕಾಮ ಕರುಣೆಯೋ, ಮತಾಂತರದ ಆಮಿಷವೋ ಎಂದು ಕೇಳುವವರು ಎರಡು ಪಂಗಡಗಳಾಗಿ ವಾದಿಸುತ್ತಾರೆ. ಒಬ್ಬರು ಸೇವಕನ ಅಂತಃಕರಣವನ್ನು ಹೊಗಳಿದರೆ ಇನ್ನೊಬ್ಬರು ಅದನ್ನೇ ಶಂಕಿಸುತ್ತಾರೆ. ಈ ಎರಡೂ ವಾದಗಳಲ್ಲಿ ಸೇವೆಯನ್ನು ಪಡೆಯುವ ಹಳ್ಳಿ ಮಾತಿಲ್ಲದ ವಸ್ತುವಾಗಿ ಉಳಿದುಬಿಡುತ್ತದೆ. ಸೇವೆಯ ನೈತಿಕತೆಯನ್ನು ನಿರ್ಣಯಿಸುವಲ್ಲಿ ಕೊಡುವವನ ಮನಸ್ಸು ಎಷ್ಟು ನಿರ್ಮಲ ಎಂಬುದಕ್ಕಿಂತ, ಪಡೆಯುವವನಿಗೆ ಬೇಡವೆನ್ನುವ ಹಕ್ಕು ಎಷ್ಟಿತ್ತು ಎಂಬುದೇ ಮುಖ್ಯವಾದ ಪ್ರಶ್ನೆ. ಗದಗ ಸೀಮೆಯ, ಅಂದರೆ ರೋಣ, ನರಗುಂದ, ಗಜೇಂದ್ರಗಡಗಳನ್ನೊಳಗೊಂಡ ಎರೆನೆಲದ ಅನುಭವ ಈ ಪ್ರಶ್ನೆಗೆ ಉತ್ತರ ಹುಡುಕಲು ತಕ್ಕ ನೆಲೆಯನ್ನು ಒದಗಿಸುತ್ತದೆ.

ಮಿಷನ್ ಎಂದರೆ ತನ್ನ ಧರ್ಮದ ಸಂದೇಶವನ್ನು ಅನ್ಯ ಜನರ ನಡುವೆ ಸಾರಲು ಒಂದು ಸಭೆ ತನ್ನವರನ್ನು ಕಳುಹಿಸುವ ಕಾರ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಹೀಗೆ ಹೊರಟವರು ಬಹುಮಟ್ಟಿಗೆ ಆಯುಷ್ಯವನ್ನೇ ಅದಕ್ಕೆ ಮುಡಿಪಾಗಿಡುತ್ತಿದ್ದರು. ಹಡಗಿನ ಪ್ರಯಾಣ ತಿಂಗಳುಗಟ್ಟಲೆ ಹಿಡಿಯುತ್ತಿದ್ದುದರಿಂದ ಬಂದವರು ಬೇಗ ಮರಳುವಂತೆಯೂ ಇರಲಿಲ್ಲ. ವಿಮಾನಯಾನ ಸುಲಭವಾದ ಮೇಲೆ, ವಿಶೇಷವಾಗಿ 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಯುವಜನರಿಗಾಗಿ ಆರಂಭಿಸಿದ ಸಂಘಟನೆಯಂಥವು ಬೆಳೆದ ಮೇಲೆ, ಅಲ್ಪಾವಧಿ ಮಿಷನ್ ಎಂಬ ಹೊಸ ಪದ್ಧತಿ ರೂಢಿಗೆ ಬಂತು. ಅಮೆರಿಕ ಮತ್ತು ಯುರೋಪಿನ ಸಭೆಗಳ ಯುವಕ ಯುವತಿಯರು ಊರಿನಲ್ಲಿ ದೇಣಿಗೆ ಕೂಡಿಸಿ, ಕೀನ್ಯಾ, ಉಗಾಂಡಾ, ಮಲಾವಿಯಂಥ ದೇಶಗಳ ಹಳ್ಳಿಗಳಿಗೆ ಒಂದೆರಡು ವಾರಗಳ ಮಟ್ಟಿಗೆ ಹೋಗಿ, ಶಾಲೆಯ ಗೋಡೆ ಕಟ್ಟಿ, ಆರೋಗ್ಯ ಶಿಬಿರ ನಡೆಸಿ, ಮಕ್ಕಳಿಗೆ ಬೈಬಲ್ ಕಥೆ ಹೇಳಿ ಮರಳುವುದು ಈ ಪದ್ಧತಿಯ ಸ್ವರೂಪ. ಜೀವಾವಧಿಯ ಮಿಷನರಿಗೂ ಎರಡು ವಾರಗಳ ಸ್ವಯಂಸೇವಕನಿಗೂ ಅಂತರ ಬಹಳವಿದ್ದರೂ, ಕರೆಯದೆ ಬಂದ ಅತಿಥಿ ಆತಿಥೇಯನಿಗೆ ಏನನ್ನೋ ಕೊಡಲು ಹೊರಟಿದ್ದಾನೆ ಎಂಬ ಮೂಲ ಸನ್ನಿವೇಶ ಎರಡರಲ್ಲೂ ಒಂದೇ.

ಆಫ್ರಿಕಾದ ಹಳ್ಳಿಗೂ ಗದಗ ಸೀಮೆಗೂ ಈ ವಿಷಯದಲ್ಲಿ ಇರುವ ನಂಟು ಕೇವಲ ಹೋಲಿಕೆಯದಲ್ಲ, ಐತಿಹಾಸಿಕವಾದುದು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಗೊಂಡ ಬಾಸೆಲ್ ಮಿಷನ್ 1828ರಲ್ಲಿ ತನ್ನ ಜನರನ್ನು ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾ ದೇಶಕ್ಕೆ, ಕಳುಹಿಸಿತು. 1834ರಲ್ಲಿ ಅದೇ ಸಂಸ್ಥೆಯ ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಬ್ರಿಟಿಷರಲ್ಲದ ಮಿಷನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಪ್ರದೇಶದಲ್ಲಿ ನೆಲೆಸಲು ಹಾದಿ ತೆರೆದದ್ದು 1833ರ ಸನ್ನದು ಕಾಯಿದೆ. ಮಂಗಳೂರಿನಿಂದ ಘಟ್ಟ ಹತ್ತಿದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿ ಮತ್ತು 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣೆಗಳನ್ನು ಹೂಡಿತು. ಬೆಟಗೇರಿ, ಗುಳೇದಗುಡ್ಡಗಳೆರಡೂ ನೇಕಾರರ ಊರುಗಳು. ರೋಣ, ಗಜೇಂದ್ರಗಡಗಳ ಸೀಮೆ ಈ ಎರಡು ಠಾಣೆಗಳ ನಡುವೆ ಹರಡಿಕೊಂಡಿದೆ.

ಬೆಟಗೇರಿಯ ಠಾಣೆ ಆರಂಭವಾದ 1841ರಲ್ಲೇ ಗದಗಿನ ಬಳಿಯ ಮಲಸಮುದ್ರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಆ ಭಾಗದಲ್ಲಿ ಕಾಲಜ್ಞಾನವನ್ನು, ಅಂದರೆ ಮುಂದೆ ಬರಲಿರುವ ಕಾಲವನ್ನು ಸೂಚಿಸುವ ಶರಣ ಪರಂಪರೆಯ ಭವಿಷ್ಯವಾಣಿಗಳನ್ನು, ನಂಬಿ ಓದುತ್ತಿದ್ದ ಒಂದು ಗುಂಪಿನ ಜನ ಮಿಷನರಿಗಳನ್ನು ತಾವಾಗಿಯೇ ಸಂಪರ್ಕಿಸಿದರು. ಪರದೇಶದಿಂದ ಗುರುಗಳು ಬಂದು ಸತ್ಯಧರ್ಮವನ್ನು ಬೋಧಿಸುವರೆಂದು ತಮ್ಮ ಗ್ರಂಥಗಳಲ್ಲಿ ಹೇಳಿದೆಯೆಂಬುದು ಅವರ ನಿಲುವಾಗಿತ್ತು. ಮಿಷನರಿಗಳ ಕಣ್ಣಿಗೆ ಇದು ಸಾಮೂಹಿಕ ಮತಾಂತರದ ಮುನ್ಸೂಚನೆಯಾಗಿ ಕಂಡಿತು. ಹೊಸ ಧರ್ಮಕ್ಕೆ ಬರುವವರು ತಮ್ಮ ಜಾತಿಯ ಬಹಿಷ್ಕಾರಕ್ಕೆ ಅಂಜದೆ ಒಟ್ಟಿಗೆ ಬದುಕಲೆಂದು ಮಲಸಮುದ್ರದಲ್ಲಿ ಜಮೀನು ಪಡೆದು ಬೇಸಾಯದ ವಸಾಹತೊಂದನ್ನು ಹೂಡಲಾಯಿತು. ಆದರೆ ನಿರೀಕ್ಷಿಸಿದ ಜನ ಬರಲಿಲ್ಲ. ಕಾಲಜ್ಞಾನದ ಅನುಯಾಯಿಗಳು ಹುಡುಕುತ್ತಿದ್ದುದು ತಮ್ಮ ಪರಂಪರೆಯೇ ಮುನ್ನುಡಿದಿದ್ದ ಗುರುವನ್ನು. ಮಿಷನರಿಗಳು ಹುಡುಕುತ್ತಿದ್ದುದು ತಮ್ಮ ಸಭೆಗೆ ಸೇರುವ ಶಿಷ್ಯರನ್ನು. ಒಬ್ಬರ ಆಸೆಯನ್ನು ಇನ್ನೊಬ್ಬರು ತಮ್ಮದೆಂದು ಓದಿಕೊಂಡಿದ್ದರು.

ಮಲಸಮುದ್ರದ ಪ್ರಸಂಗವನ್ನು ಮಿಷನ್ ಚರಿತ್ರೆಗಳು ವಿಫಲ ಪ್ರಯತ್ನವೆಂದೇ ಗಣಿಸುತ್ತವೆ. ಆದರೆ ತಾತ್ವಿಕವಾಗಿ ನೋಡಿದರೆ ಅದರಲ್ಲಿ ಸೋತವರು ಯಾರು ಎಂಬುದು ಅಷ್ಟು ಸರಳವಾಗಿ ತೀರ್ಮಾನವಾಗುವುದಿಲ್ಲ. ಬಂದ ಅತಿಥಿಯನ್ನು ಆತಿಥೇಯರು ತಮ್ಮ ಗ್ರಂಥದ ಅಳತೆಗೆ ಹಚ್ಚಿ ನೋಡಿದರು, ಮಾತಾಡಿದರು, ತಮಗೆ ಹೊಂದದೆಂದು ಕಂಡಾಗ ಹಿಂದೆ ಸರಿದರು. ಬೇಡವೆನ್ನುವ ಹಕ್ಕನ್ನು ಅವರು ಚಲಾಯಿಸಿದರು. ಇಂಥದೇ ವಿವೇಕವನ್ನು ಗೋಲ್ಡ್ ಕೋಸ್ಟಿನ ಚರಿತ್ರೆಯಲ್ಲೂ ಕಾಣಬಹುದು. ಅಲ್ಲಿಗೆ ಮೊದಲು ಹೋದ ಬಾಸೆಲ್ ಮಿಷನರಿಗಳಲ್ಲಿ ಹೆಚ್ಚಿನವರು ಜ್ವರಕ್ಕೆ ಬಲಿಯಾದರು, ಬದುಕುಳಿದ ಆಂಡ್ರಿಯಾಸ್ ರೀಸ್ 1835ರಲ್ಲಿ ಅಕ್ರೋಪಾಂಗ್ ಎಂಬ ಗುಡ್ಡದ ಊರನ್ನು ಸೇರಿದರು. ಕಪ್ಪು ಬಣ್ಣದ ಕ್ರೈಸ್ತರನ್ನು ತೋರಿಸಿದರೆ ಈ ಧರ್ಮದ ಮಾತನ್ನು ಕೇಳಬಹುದೆಂದು ಅಲ್ಲಿಯ ಅರಸ ಹೇಳಿದನೆಂಬ ಕಥೆ ಆ ಸಭೆಯ ಪರಂಪರೆಯಲ್ಲಿ ಉಳಿದಿದೆ. ಅದರಂತೆ 1843ರಲ್ಲಿ ಜಮೈಕಾ ಮತ್ತು ಆಂಟಿಗುವಾ ದ್ವೀಪಗಳಿಂದ ಆಫ್ರಿಕನ್ ಮೂಲದ ಕ್ರೈಸ್ತ ಕುಟುಂಬಗಳನ್ನು ಕರೆತರಲಾಯಿತು. ಎರಡು ಖಂಡಗಳಲ್ಲೂ ಹಳ್ಳಿಯು ತನ್ನ ಷರತ್ತುಗಳನ್ನು ಮುಂದಿಟ್ಟಿತು; ಅಲ್ಲಿಯ ಜನ ಬರಿದಾದ ಪಾತ್ರೆಗಳಾಗಿರಲಿಲ್ಲ.

ಆದಾಗ್ಯೂ ಷರತ್ತು ಹಾಕುವ ಶಕ್ತಿ ಎಲ್ಲರಿಗೂ ಸಮನಾಗಿರುವುದಿಲ್ಲ. ಗೋಲ್ಡ್ ಕೋಸ್ಟಿನಲ್ಲಿ ಮತಾಂತರಗೊಂಡವರು ಊರಿನಿಂದ ಬೇರೆಯಾಗಿ ಸಾಲೆಂ ಎಂದು ಕರೆಯಲಾದ ಪ್ರತ್ಯೇಕ ಕೇರಿಯಲ್ಲಿ ನೆಲೆಸಿದರು. ಕೊಡಗಿನಲ್ಲಿ ಹರ್ಮನ್ ಮೋಗ್ಲಿಂಗ್ ಆನಂದಪುರವೆಂಬ ವಸಾಹತನ್ನು ಕಟ್ಟಿದರು. ಮಲಸಮುದ್ರವೂ ಇದೇ ಮಾದರಿಯ ಕಲ್ಪನೆಯೇ. ಜಾತಿಯನ್ನು ಬಿಟ್ಟವನು ಅದರೊಂದಿಗೆ ಕಸುಬನ್ನೂ ಮನೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವನಿಗೆ ಅನ್ನದ ದಾರಿಯನ್ನು ತೋರಿಸುವುದು ಮಿಷನ್ನಿನ ಹೊಣೆಯಾಯಿತು. ಕರಾವಳಿಯಲ್ಲಿ ನೇಯ್ಗೆಯ ಕಾರ್ಖಾನೆ ಮತ್ತು 1865ರ ಹೆಂಚಿನ ಕಾರ್ಖಾನೆಗಳು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಹೀಗೆ ಪಾದ್ರಿಯೇ ಮಾಲಿಕನೂ ಆದಾಗ, ಅದೇ ಕೈ ಕೂಲಿಯನ್ನೂ ಪ್ರಸಾದವನ್ನೂ ಕೊಡುವಾಗ, ಪಡೆಯುವವನ ಹೌದು ಎಂಬ ಮಾತಿಗೆ ಎಷ್ಟು ಸ್ವಾತಂತ್ರ್ಯವಿದೆಯೆಂದು ಕೇಳಲೇಬೇಕಾಗುತ್ತದೆ. ಈ ಅವಲಂಬನೆಯನ್ನು ಯಾರೂ ದುರುದ್ದೇಶದಿಂದ ಹೂಡಿದ್ದಲ್ಲ; ಸದ್ಭಾವನೆಯಿಂದ ಕೈಗೊಂಡ ಒಂದೊಂದೇ ಕ್ರಮದಿಂದ ಅದು ಬೆಳೆಯಿತು. ಉದ್ದೇಶಶುದ್ಧಿಯೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಬಂದವರ ಬೆನ್ನ ಹಿಂದೆ ನಿಂತ ಅಧಿಕಾರವೂ ಬೇಡವೆನ್ನುವ ಹಕ್ಕನ್ನು ಕುಗ್ಗಿಸುತ್ತದೆ. ನರಗುಂದದ ಅರಸ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಮಕ್ಕಳಿಲ್ಲದೆ ದತ್ತಕ ತೆಗೆದುಕೊಳ್ಳಲು ಬಯಸಿದಾಗ ಕಂಪನಿ ಸರಕಾರ ಒಪ್ಪಲಿಲ್ಲ. 1858ರ ಮೇ ತಿಂಗಳಲ್ಲಿ ಅವನು ಬಂಡೆದ್ದು, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾಗಿ, ಕೆಲವೇ ದಿನಗಳಲ್ಲಿ ನರಗುಂದ ಬ್ರಿಟಿಷರ ವಶವಾಗಿ, ಜೂನ್ ತಿಂಗಳಲ್ಲಿ ಅರಸನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ದತ್ತಕದ ವಿಷಯದಲ್ಲಿ ಅರಸನ ಮಾತೇ ನಡೆಯದ ಕಾಲದಲ್ಲಿ, ಬಿಳಿಯ ಬಣ್ಣದ ಪಾದ್ರಿ ತಾನು ಇಂಗ್ಲಿಷನಲ್ಲ, ಜರ್ಮನಿಯ ರೈತನ ಅಥವಾ ಕುಶಲಕರ್ಮಿಯ ಮಗನೆಂದು ಎಷ್ಟು ಹೇಳಿಕೊಂಡರೂ, ಹಳ್ಳಿಯ ಗೌಡನ ಕಣ್ಣಿಗೆ ಅವನು ಸರಕಾರದ ಕಡೆಯ ಮನುಷ್ಯನೇ. ಇಂದಿನ ಆಫ್ರಿಕಾದ ಹಳ್ಳಿಯಲ್ಲಿ ಸಾಮ್ರಾಜ್ಯದ ಜಾಗಕ್ಕೆ ದೇಣಿಗೆಯ ಹಣ ಬಂದಿದೆ. ಈ ಬಾರಿಯ ತಂಡ ಬೇಡವೆಂದರೆ ಮುಂದಿನ ವರ್ಷದ ನೆರವು ನಿಂತೀತೆಂಬ ಅಳುಕು ಇರುವ ಕಡೆ ಸ್ವಾಗತದ ಹಾಡುಗಳನ್ನು ಒಪ್ಪಿಗೆಯೆಂದು ತಿಳಿಯುವಂತಿಲ್ಲ.

ಸೇವೆಯನ್ನು ಕುರಿತ ಪ್ರಸಿದ್ಧ ಧಾರ್ಮಿಕ ಉಪದೇಶಗಳು ಹೆಚ್ಚಾಗಿ ಮಾಡುವವನನ್ನೇ ಕುರಿತಿವೆ. ಫಲದ ಆಸೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೆಯ ಬೋಧೆಯಾಗಲಿ, ದಾನವನ್ನು ಗುಟ್ಟಾಗಿ ಮಾಡಬೇಕೆಂಬ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಬೋಧೆಯಾಗಲಿ ಕೊಡುವವನ ಅಹಂಕಾರಕ್ಕೆ ಹಾಕಿದ ಕಡಿವಾಣಗಳು. ಆದರೆ ಎರಡೂ ಪರಂಪರೆಗಳಲ್ಲಿ ಪಡೆಯುವವನ ಕಡೆಯಿಂದ ನೋಡುವ ದೃಷ್ಟಿಯೂ ಉಂಟು. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಹಣದ ಚೀಲವನ್ನಾಗಲಿ ಜೋಳಿಗೆಯನ್ನಾಗಲಿ ಒಯ್ಯಬಾರದೆಂದೂ, ಬರಮಾಡಿಕೊಂಡ ಮನೆಯಲ್ಲಿ ಇದ್ದು ಅವರು ಬಡಿಸಿದ್ದನ್ನು ಉಣ್ಣಬೇಕೆಂದೂ, ಬರಮಾಡಿಕೊಳ್ಳದ ಊರಿನಿಂದ ಕಾಲಿನ ಧೂಳನ್ನು ಒರೆಸಿಕೊಂಡು ಹೊರಡಬೇಕೆಂದೂ ವಿಧಿಸುತ್ತಾನೆ. ತಿರಸ್ಕರಿಸಿದ ಊರಿಗೆ ತೀರ್ಪಿನ ದಿನದ ಎಚ್ಚರಿಕೆಯೂ ಅಲ್ಲಿದೆ ಎಂಬುದನ್ನು ಮರೆಯಲಾಗದು. ಆದರೆ ಆ ತೀರ್ಪು ದೇವರದು, ಕಳುಹಿಸಲ್ಪಟ್ಟವನು ಮಾಡಬೇಕಾದ್ದು ಹೊರಟುಹೋಗುವುದಷ್ಟೆ. ಅವನು ಬರಿಗೈಯಲ್ಲಿ ಬರುತ್ತಾನೆ, ಅನ್ನಕ್ಕಾಗಿ ಆತಿಥೇಯನನ್ನೇ ನೆಚ್ಚುತ್ತಾನೆ. ಪೆಟ್ಟಿಗೆಗಳ ತುಂಬ ಸಾಮಾನು, ಕುಡಿಯುವ ನೀರು, ಊಟದ ಪೊಟ್ಟಣಗಳನ್ನು ಜೊತೆಗೆ ತಂದು, ಹಳ್ಳಿಯಿಂದ ಏನನ್ನೂ ಪಡೆಯದೆ ಕೊಟ್ಟೇ ಹೋಗುವ ಇಂದಿನ ತಂಡಕ್ಕೂ ಈ ಚಿತ್ರಕ್ಕೂ ಅಜಗಜಾಂತರ.

ಶರಣ ಪರಂಪರೆಯ ದಾಸೋಹ ತತ್ತ್ವ ಈ ವಿಚಾರವನ್ನು ಇನ್ನೊಂದು ದಿಕ್ಕಿನಿಂದ ಬೆಳಗುತ್ತದೆ. ಕಾಯಕದಿಂದ, ಅಂದರೆ ಪ್ರಾಮಾಣಿಕ ದುಡಿಮೆಯಿಂದ, ಬಂದುದನ್ನು ತನ್ನದಲ್ಲವೆಂಬ ಭಾವದಲ್ಲಿ ಸಮುದಾಯಕ್ಕೆ ಅರ್ಪಿಸುವುದು ದಾಸೋಹ. ಇಲ್ಲಿ ಕೊಡುವವನು ದಾಸ, ಪಡೆಯುವವನು ಒಡೆಯ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ, ಹೆಚ್ಚಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧ. ಆ ಅಕ್ಕಿ ಬಸವಣ್ಣನ ಅಂಗಳದ್ದು. ಕೊಡುವ ಕಡೆ ಯಾವ ಕಲ್ಮಶವನ್ನೂ ಯಾರೂ ಶಂಕಿಸುವಂತಿಲ್ಲ. ಆದರೂ ತನಗೆ ಎಷ್ಟು ಬೇಕು, ಎಷ್ಟು ಬೇಡ ಎಂಬುದನ್ನು ನಿರ್ಣಯಿಸುವ ಅಧಿಕಾರವನ್ನು ಆ ಬಡ ಗೃಹಿಣಿ ಬಿಟ್ಟುಕೊಡಲಿಲ್ಲ. ದಾಸೋಹ ದಾನವಾಗಿ ಇಳಿಯದಂತೆ ಕಾಯ್ದದ್ದು ಬಸವಣ್ಣನ ಔದಾರ್ಯಕ್ಕಿಂತ ಹೆಚ್ಚಾಗಿ ಲಕ್ಕಮ್ಮನ ನಿರಾಕರಣೆ.

ಪಡೆಯುವವನನ್ನು ಕೇಳದೆ ಕೊಡುವ ದೋಷ ಕ್ರೈಸ್ತ ಮಿಷನ್ನಿಗೆ ಮಾತ್ರ, ಅಥವಾ ಪರದೇಶದವರಿಗೆ ಮಾತ್ರ ಅಂಟಿದ್ದೆಂದು ತಿಳಿಯುವುದು ತಪ್ಪಾದೀತು. ಉತ್ತರ ಕರ್ನಾಟಕವನ್ನು ಮುಳುಗಿಸಿದ 2009ರ ನೆರೆಯ ನಂತರ ಸರಕಾರ ದಾನಿಗಳ ನೆರವಿನಿಂದ ಆಸರೆ ಯೋಜನೆಯಡಿ ಹೊಸ ಊರುಗಳನ್ನು ಕಟ್ಟಿಸಿತು. ಮಲಪ್ರಭೆ ಮತ್ತು ಬೆಣ್ಣೆಹಳ್ಳದ ದಂಡೆಯ ರೋಣ, ನರಗುಂದ ತಾಲೂಕುಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಈ ಸೀಮೆಯ ಹಳೆಯ ಮಾಳಿಗೆ ಮನೆಯಲ್ಲಿ ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಅಂಕಣ, ಅಲ್ಲಿಯೇ ಗೋದಲಿ, ಅದರ ಮೇಲ್ಮಟ್ಟದಲ್ಲಿ ಪಡಸಾಲೆ, ಒಳಗೆ ಕಾಳಿನ ಚೀಲ ಒಟ್ಟುವ ಕೋಣೆ, ಹೊರಗೆ ಹೊಟ್ಟು ಮೇವಿಗೆ ಹಿತ್ತಲು ಇರುತ್ತವೆ. ಒಕ್ಕಲುತನದ ಮನೆಯೆಂದರೆ ಎತ್ತುಗಳೂ ಮನೆಯ ಮಂದಿಯೇ. ಹೊಸ ಆಸರೆ ಮನೆಗಳಲ್ಲಿ ಎತ್ತಿಗೆ ಜಾಗವಿರಲಿಲ್ಲ, ಹಲವು ಕಡೆ ಹೊಲವೂ ದೂರವಾಯಿತು. ಎಷ್ಟೋ ಕುಟುಂಬಗಳು ಹಳೆಯ ಊರಿನಲ್ಲೇ ಉಳಿದವು, ಖಾಲಿ ಬಿದ್ದ ಮನೆಗಳ ಸುತ್ತ ಜಾಲಿ ಬೆಳೆಯಿತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಕೊಣ್ಣೂರಿನಂಥ ಊರುಗಳ ಜನ ಮತ್ತೊಮ್ಮೆ ನಿರಾಶ್ರಿತರಾದರು. ಕೊಟ್ಟವರಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ನಕ್ಷೆ ಬರೆಯುವ ಮೊದಲು ಎತ್ತನ್ನು ಎಲ್ಲಿ ಕಟ್ಟುತ್ತೀರಿ ಎಂದು ಕೇಳುವ ವ್ಯವಧಾನವಿರಲಿಲ್ಲ.

ಕ್ರೈಸ್ತ ಲೋಕದ ಒಳಗಿನಿಂದಲೇ ಈ ವಿಮರ್ಶೆ ಬಲವಾಗಿ ಬಂದಿದೆ. ಎಡಿನ್‌ಬರೋದಲ್ಲಿ 1910ರಲ್ಲಿ ಸೇರಿದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ, ಮುಂದೆ ದೋರ್ನಕಲ್ಲಿನ ಬಿಷಪ್ಪರಾದ ವಿ. ಎಸ್. ಅಜರಾಯ ಅವರು, ಮಿಷನರಿಗಳು ತಮ್ಮ ಸಂಪತ್ತನ್ನೂ ಪ್ರಾಣವನ್ನೂ ಕೊಟ್ಟಿದ್ದಾರೆ, ಭಾರತೀಯರು ಕೇಳುವುದು ಸ್ನೇಹವನ್ನು ಎಂಬರ್ಥದ ಮಾತನ್ನಾಡಿದರು. ಆಸ್ಟ್ರಿಯಾ ಮೂಲದ ಕ್ಯಾಥೊಲಿಕ್ ಪಾದ್ರಿ ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೊದಲ್ಲಿ ಅಮೆರಿಕದ ಯುವ ಸ್ವಯಂಸೇವಕರನ್ನು ಉದ್ದೇಶಿಸಿ, ನೋಡಲು ಬನ್ನಿ, ಕಲಿಯಲು ಬನ್ನಿ, ಆದರೆ ಉದ್ಧಾರ ಮಾಡಲು ಬರಬೇಡಿ ಎಂಬ ಆಶಯದ ಕಟು ಭಾಷಣ ಮಾಡಿದರು. ಕೀನ್ಯಾದ ಪ್ರೆಸ್ಬಿಟೇರಿಯನ್ ನಾಯಕ ಜಾನ್ ಗಾಟು 1971ರಲ್ಲಿ, ಆಫ್ರಿಕಾದ ಸಭೆಗಳು ಸ್ವಂತ ಕಾಲ ಮೇಲೆ ನಿಲ್ಲುವಂತಾಗಲು ಕೆಲಕಾಲ ಪರದೇಶದ ಮಿಷನರಿಗಳೂ ಹಣವೂ ಬರುವುದು ನಿಲ್ಲಬೇಕೆಂದು ಕರೆಕೊಟ್ಟರು. 1974ರಲ್ಲಿ ಲುಸಾಕಾದಲ್ಲಿ ಸೇರಿದ ಅಖಿಲ ಆಫ್ರಿಕಾ ಸಭೆಗಳ ಸಮ್ಮೇಳನ ಆ ಕರೆಗೆ ದನಿಗೂಡಿಸಿತು. ಹೊಂಡುರಾಸ್ ದೇಶದಲ್ಲಿ 1998ರ ಚಂಡಮಾರುತದ ನಂತರ ಕಟ್ಟಿದ ಮನೆಗಳನ್ನು ಕುರಿತು ಕರ್ಟ್ ವೆರ್ ಬೀಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅತಿಥಿ ತಂಡಗಳು ಕಟ್ಟಿದ ಮನೆಗೂ ಸ್ಥಳೀಯರೇ ಕಟ್ಟಿದ ಮನೆಗೂ ವಾಸಿಸುವವರ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ತೋರಿಸಿತು. ತಂಡಗಳ ಪ್ರಯಾಣದ ಖರ್ಚಿನಲ್ಲೇ ಇನ್ನಷ್ಟು ಮನೆಗಳನ್ನು ಕಟ್ಟಿಸಿ, ಸ್ಥಳೀಯ ಗೌಂಡಿಗೆ ಕೂಲಿಯನ್ನೂ ಕೊಡಬಹುದಿತ್ತು ಎಂಬ ಪ್ರಶ್ನೆ ಅಲ್ಲಿಂದ ಸಹಜವಾಗಿ ಏಳುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಬೇಡವೆನ್ನುವ ಹಕ್ಕು ಹಳ್ಳಿಯದೆಂದರೆ, ಹಳ್ಳಿ ಎಂದರೆ ಯಾರು? ಊರ ಬಾವಿಯ ನೀರನ್ನೂ ಶಾಲೆಯ ಜಗಲಿಯನ್ನೂ ಯಾರಿಗೆ ನಿರಾಕರಿಸಲಾಗಿತ್ತೋ ಅವರಿಗೆ ಮಿಷನ್ ಶಾಲೆಯೇ ಮೊದಲು ತೆರೆದ ಬಾಗಿಲಾಗಿತ್ತು. ಊರಿನ ಪರವಾಗಿ ಬೇಡವೆನ್ನುತ್ತಿದ್ದವರು ಆ ಬಾಗಿಲು ತೆರೆಯದಿರಲೆಂದು ಬಯಸಿದ್ದವರೇ ಆಗಿರಬಹುದು. ಹಸಿದವನ ಅಥವಾ ಅವಮಾನಿತನ ಮತಾಂತರವನ್ನು ಆಮಿಷದ ಫಲವೆಂದು ತಳ್ಳಿಹಾಕುವುದು, ಬಡವನಿಗೆ ಹೊಟ್ಟೆಯಿದೆ, ವಿವೇಕವಿಲ್ಲವೆಂದು ಹೇಳಿದಂತೆ. ಆದ್ದರಿಂದ ಬೇಡವೆನ್ನುವ ಹಕ್ಕು ಊರಿನ ಯಜಮಾನರದ್ದಲ್ಲ, ಒಬ್ಬೊಬ್ಬ ವ್ಯಕ್ತಿಯದು. ಹೌದೆನ್ನುವ ಹಕ್ಕೂ ಅದರೊಳಗೇ ಸೇರಿದೆ. ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಒಟ್ಟಿಗೆ ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಪ್ರಚಾರದ ಹಕ್ಕಿನಲ್ಲಿ ಅಡಕವಾಗಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್‌ಲಾಸ್ ಪ್ರಕರಣದಲ್ಲಿ ಹೇಳಿದಾಗ, ನಿರ್ಣಯದ ಕೇಂದ್ರವನ್ನು ಸಾರುವವನಿಂದ ಕೇಳುವವನ ಆತ್ಮಸಾಕ್ಷಿಗೆ ಸರಿಸಿತು. ಆ ತೀರ್ಪನ್ನು ಟೀಕಿಸುವವರೂ, ತಾನಾಗಿ ನಂಬಿಕೆ ಬದಲಿಸುವ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಬಾರದೆಂಬ ಕಾಳಜಿಯಿಂದಲೇ ಟೀಕಿಸುತ್ತಾರೆ.

ಎರಡನೆಯ ಆಕ್ಷೇಪ ತುರ್ತಿನದು. ಹೆರಿಗೆಯ ನೋವಿನಲ್ಲಿರುವವಳಿಗೆ ವೈದ್ಯೆ ಎಲ್ಲಿಯವಳು, ಎಷ್ಟು ದಿನ ಇರುತ್ತಾಳೆ ಎಂಬುದು ಮುಖ್ಯವಲ್ಲ. ಇದು ನಿಜ, ಆದರೆ ಈ ಉದಾಹರಣೆಯೇ ಒಂದು ಅಂತರವನ್ನು ಎತ್ತಿ ತೋರಿಸುತ್ತದೆ. ಆ ವೈದ್ಯೆಯಲ್ಲಿ ಕಲಿತ ವಿದ್ಯೆಯಿದೆ, ಅಲ್ಪಾವಧಿ ತಂಡದ ಬಹುತೇಕರಲ್ಲಿ ಇರುವುದು ಉತ್ಸಾಹ ಮಾತ್ರ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಕಟ್ಟಿದ, ಜನ ಜರ್ಮನ್ ಆಸ್ಪತ್ರೆಯೆಂದೇ ಕರೆಯುತ್ತ ಬಂದ ಆಸ್ಪತ್ರೆ ಸುತ್ತಲಿನ ಸೀಮೆಗೆ ಬೇಕಾದದ್ದು ಅಲ್ಲಿ ವಿದ್ಯೆಯೂ ಇತ್ತು, ಮರುದಿನವೂ ತೆರೆದಿರುವ ಬಾಗಿಲೂ ಇತ್ತು ಎಂಬ ಕಾರಣಕ್ಕೆ. ಕಾಲಾವಧಿಯ ಪ್ರಶ್ನೆ ಇಲ್ಲಿ ನೈತಿಕ ಪ್ರಶ್ನೆಯೇ ಆಗುತ್ತದೆ: ದೀರ್ಘಕಾಲ ಉಳಿದವನು ತಪ್ಪು ಮಾಡಿದಾಗ ಅದರ ಫಲವನ್ನು ಊರವರ ಜೊತೆಗೇ ಉಣ್ಣಬೇಕಾಗುತ್ತದೆ, ಅವರ ಮಾತನ್ನು ಕಲಿಯಬೇಕಾಗುತ್ತದೆ, ಅವರಿಂದ ತಿದ್ದಿಸಿಕೊಳ್ಳಬೇಕಾಗುತ್ತದೆ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದದ್ದು ಬೋಧಿಸಲೆಂದು. 1894ರಲ್ಲಿ ಹೊರಬಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು, ಅವರು ಕನ್ನಡ ಪಂಡಿತರ ಮುಂದೆ ಕುಳಿತು ಕಲಿತುದರ ಫಲ. ಗಾಟ್‌ಲೋಬ್ ವುರ್ತ್ ಬಸವಪುರಾಣವನ್ನು ಇಂಗ್ಲಿಷಿಗೆ ತಂದದ್ದೂ, ಗೋಲ್ಡ್ ಕೋಸ್ಟಿನಲ್ಲಿ ಕ್ರಿಸ್ಟಾಲರ್ ಟ್ವಿ ಭಾಷೆಗೆ ನಿಘಂಟು ರಚಿಸಿದ್ದೂ ಹೀಗೆಯೇ. ಮಿಷನರಿಗಳ ಕೆಲಸದಲ್ಲಿ ಕಾಲದ ಪರೀಕ್ಷೆಯನ್ನು ಗೆದ್ದು ನಿಂತದ್ದರಲ್ಲಿ ಬಹುಪಾಲು, ಅವರು ಊರಿನಿಂದ ಪಡೆದುದನ್ನು ಆಧರಿಸಿದ್ದೇ ಆಗಿದೆ.

ಬಂದವರು ಹಿಂದಿರುಗಿದ ಮೇಲೆ ಏನು ಉಳಿಯಿತು ಎಂಬುದೇ ಸೇವೆಯ ಕೊನೆಯ ಪರೀಕ್ಷೆ. ಮೊದಲನೆಯ ಮಹಾಯುದ್ಧ 1914ರಲ್ಲಿ ಆರಂಭವಾದಾಗ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಹೊರಗೆ ಕಳುಹಿಸಿತು, ಕಾರ್ಖಾನೆಗಳು ಕೈಬದಲಾದವು. ಆದರೂ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಕ್ರೈಸ್ತ ಸಭೆಗಳು ಕನ್ನಡದಲ್ಲೇ ಹಾಡಿ ಪ್ರಾರ್ಥಿಸುತ್ತ ಮುಂದುವರಿದವು. ಇಂದು ಅವು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತದ ಭಾಗವಾಗಿವೆ, ಅವುಗಳನ್ನು ನಡೆಸುವವರು ಇದೇ ನೆಲದವರು. ಇದೇ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರೇ ಸೇರಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದನ್ನೂ ಇಲ್ಲಿ ನೆನೆಯಬೇಕು. ಹಳ್ಳಿಗೆ ತನ್ನ ಬೇಕುಗಳನ್ನು ತಾನೇ ಗುರುತಿಸುವ ಶಕ್ತಿಯಿದೆಯೆಂಬುದಕ್ಕೆ ಅದೊಂದು ನಿದರ್ಶನ.

ಇಂದು ಬೆಂಗಳೂರಿನ ಕಚೇರಿಗಳಿಂದ ವಾರಾಂತ್ಯದ ಸೇವೆಗೆಂದು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬರುವವರೂ, ರಜೆಯಲ್ಲಿ ಮಕ್ಕಳನ್ನು ಆಫ್ರಿಕಾದ ಹಳ್ಳಿಗಳಿಗೆ ಸ್ವಯಂಸೇವಕರಾಗಿ ಕಳುಹಿಸಬಯಸುವ ಅನಿವಾಸಿ ಕನ್ನಡ ಕುಟುಂಬಗಳೂ, ಮಠ, ಸಭೆ, ಸಂಘಗಳ ಹೆಸರಿನಲ್ಲಿ ಹೊರಡುವವರೂ ಇದೇ ಅಳತೆಗೆ ಒಳಪಡುತ್ತಾರೆ. ಹೊರಡುವ ಮುನ್ನ ಅಲ್ಲಿಯ ಶಾಲೆಯ ಮಾಸ್ತರರನ್ನು, ಮಹಿಳಾ ಸಂಘದವರನ್ನು, ಕೇರಿಯ ಕಡೆಯ ಮನೆಯವರನ್ನು ಏನು ಬೇಕೆಂದು ಕೇಳಬೇಕು; ನೀವು ಬರುವುದೇ ಬೇಡ, ಆ ಖರ್ಚನ್ನು ನಮ್ಮ ಗೌಂಡಿಗೆ ಕೊಡಿ ಎಂಬ ಉತ್ತರ ಬಂದರೆ ಅದನ್ನು ಒಪ್ಪಿಕೊಳ್ಳಬೇಕು; ನೆರವನ್ನು ನಂಬಿಕೆಯೊಂದಿಗೆ ಗಂಟು ಹಾಕಬಾರದು. ಇಷ್ಟಕ್ಕೆ ಸಿದ್ಧನಿಲ್ಲದವನು ಯಾವ ದೇವರ ಹೆಸರಿನಲ್ಲಿ ಹೊರಟರೂ ಅವನದು ಯಾತ್ರೆಯಾದೀತೇ ಹೊರತು ಸೇವೆಯಾಗದು.